ಗುಡವಿಗೆ ಹೋಗಿ ಎನ್ನುವವರಿಗೆ

ಹಕ್ಕಿ ನೋಡಬೇಕಾದರೆ ಗುಡವಿಗೆ ಹೋಗಿ ಎಂದು ಸಲಹೆ ಕೊಡುವವರ ಬಗ್ಗೆ ನನಗೆ ತಕರಾರಿದೆ. ಗುಡವಿಯ ಬಗ್ಗೆ ಅಲ್ಲ. ಸೊರಬದಿಂದ ಸುಮಾರು 16 ಕಿ.ಮೀ. ದೂರದ ಆ ಕೆರೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ನೀರೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆಗಳ ಸಂಸಾರ ಶುರುವಾಗುತ್ತದೆ. ನೋಡಲೇಬೇಕು. ಆದರೆ ವರ್ಷಕ್ಕೊಮ್ಮೆ ಕಾರು ಮಾಡಿಕೊಂಡು ಹೋಗಿ ನೋಡಿ ಬರುವುದು ಜಾತ್ರೆಗೆ ಹೋದಂತೆ. ಒಂದೇ ಜಾಗಕ್ಕೆ ದಿನಾ ಹೋಗುವವರಿಗೆ ಮಾತ್ರ ನಿನ್ನೆ ಇದ್ದ ಹಕ್ಕಿ ಇವತ್ತಿಲ್ಲ ಎಂಬುದು ತಿಳಿಯುತ್ತದೆ. ಶಿಕಾರಿಪುರದವರಿಗೆ ಆ ಜಾಗ ಊರಿಗೆ ಅಂಟಿಕೊಂಡಿರುವ ಹುಚ್ಚರಾಯನ ಕೆರೆಯೇ ಆಗಬೇಕು.

ಪೇಟೆ ಕೆರೆಯಲ್ಲಿ ಏನಿರುತ್ತದೆ, ಬರೀ ಬೆಳ್ಳಕ್ಕಿ ಅಂತಾರೆ. ಬರೀ ಬೆಳ್ಳಕ್ಕಿಯೇ ಇರಲಿ, ನೋಡಿದ್ದೀರಾ? ದನದ ಹಿಂದೆ ಅಲೆಯುವುದರ ಕೊಕ್ಕು ಹಳದಿ, ಮರಿ ಮಾಡುವ ಕಾಲಕ್ಕೆ ಅದರ ತಲೆ ಕತ್ತು ಕಿತ್ತಳೆಗೆ ತಿರುಗುತ್ತದೆ. ನೀರಂಚಿನ ಪುಟ್ಟ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಇದಕ್ಕೆ ಲಕ್ಷ ರೂಪಾಯಿಯ ಲೆನ್ಸ್ ಬೇಕಿಲ್ಲ. ಕೂರಲು ಜಾಗ ಬೇಕು.

ಅದೇ ಇಲ್ಲ. ನಮ್ಮ ಸೀಮೆಯ ಒಂದು ಕೆರೆ ಪಾರ್ಕಿಗೆ ದೊಡ್ಡಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದಿದ್ದೆ. ಬೈಕು ನುಗ್ಗದಿರಲೆಂದು ಬಾಗಿಲಲ್ಲಿ ಕಬ್ಬಿಣದ ಕಂಬ ನೆಟ್ಟಿದ್ದರು, ಆಚೆಗೆ ಮೂರು ಮೆಟ್ಟಿಲು. ದೊಡ್ಡಮ್ಮ ರಸ್ತೆಯಲ್ಲೇ ಕೂತು ಟಿಟ್ಟಿಭದ ಕೂಗು ಕೇಳಿ, "ಮೊಟ್ಟೆ ಇಟ್ಟಿದೆ ಕಣೋ, ಅದಕ್ಕೇ ಬಡ್ಕೊಳ್ತಿದೆ" ಅಂದರು. ಒಳಗೆ ವಾಕಿಂಗ್ ಮಾಡುತ್ತಿದ್ದ ಯಾರಿಗೂ ಅದು ಕೇಳಿಸಿದಂತೆ ಕಾಣಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ ವಿರಾಮದ ತಾಣವೂ ಸಾರ್ವಜನಿಕ ಸೌಲಭ್ಯವೇ. ಆ ಬಾಗಿಲು ಮಾಡಿದವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಎಲ್ಲರಿಗೂ ದಾರಿ ಮಾಡಿದರೆ ಹಕ್ಕಿ ಓಡಿಹೋಗುತ್ತದೆ ಎಂಬ ಪರಿಸರಪ್ರೇಮಿಗಳ ವಾದವನ್ನೂ ಬಲ್ಲೆ. ಹಕ್ಕಿ ಓಡಿಸುವುದು ಗಾಲಿಕುರ್ಚಿಯಲ್ಲ, "ಅಭಿವೃದ್ಧಿ". ಕೆರೆಯ ಸುತ್ತ ಕಡಿದಾಗಿ ಕಲ್ಲು ಕಟ್ಟಿದರೆ ಮೊಣಕಾಲುದ್ದದ ನೀರೇ ಉಳಿಯುವುದಿಲ್ಲ. ಕೊಳದ ಬಕ ಎಲ್ಲಿ ನಿಂತು ಮೀನಿಗೆ ಕಾಯಬೇಕು? ಜೊಂಡು ಕಿತ್ತರೆ ಜಂಬುಕೋಳಿಗೆ ಗೂಡಿಲ್ಲ. ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿಗೆ ನೆಲವೇ ಇಲ್ಲ. ಮೇಲೆ ರಾತ್ರಿಯಿಡೀ ಬಣ್ಣದ ದೀಪ!

ಇದೇ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ನಾವು ಸಂಶೋಧಕರು ಮಯೂರಶರ್ಮನ ಕಥೆಗಾಗಿ ಮತ್ತೆ ಮತ್ತೆ ಓದುತ್ತೇವೆ. ಅದನ್ನು ಕೆತ್ತಿಸಿದ್ದು ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗೆ. ಕೆರೆ ಕಟ್ಟುವುದು ಗೊತ್ತಿದ್ದ ಸೀಮೆಯಿದು.

ಕೇಳುತ್ತಿರುವುದು ಹೆಚ್ಚೇನಲ್ಲ. ಕೆರೆಯ ಒಂದು ಮಗ್ಗುಲಿಗೆ ಮಾತ್ರ ಮೆಟ್ಟಿಲಿಲ್ಲದ, ಗಾಲಿ ಉರುಳುವ ಸಮತಟ್ಟು ದಾರಿ. ಉಳಿದ ಅಂಚು ಕೆಸರಾಗಿ, ಜೊಂಡಾಗಿ ಇರಲಿ. ಬೆಳಕು ಹರಿಯುವಾಗಲೇ ಗೇಟು ತೆಗೆಯಲಿ, ಹಕ್ಕಿಗಳಿಗೆ ಕಚೇರಿ ವೇಳೆ ಇಲ್ಲ. ಕಟಕಟೆ ಹಾಕುವುದಾದರೆ ಕೂತವರ ಕಣ್ಣಿಗಿಂತ ತಗ್ಗಿರಲಿ.