ಶೂನ್ಯ ವರದಿ

ಮೊನ್ನೆ ಮೂರನೆಯ ತರಗತಿಯಲ್ಲಿ ಒತ್ತಕ್ಷರ ಹೇಳಿಕೊಡುತ್ತಿದ್ದೆ. 'ಅಮ್ಮ' ಆಯಿತು, 'ಅಜ್ಜಿ' ಆಯಿತು. 'ಬೆಲ್ಲ'ಕ್ಕೆ ಬರುವಷ್ಟರಲ್ಲಿ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತರು. "ಮೇಡಂ, ಅತಿ ಜರೂರು. ಮಧ್ಯಾಹ್ನದೊಳಗೆ ತಖ್ತೆ ಹೋಗಬೇಕಂತೆ." ಮಳೆಗೆ ಬಿದ್ದ ಕೊಠಡಿಗಳೆಷ್ಟು ಎಂಬ ತಖ್ತೆ. ನಮ್ಮಲ್ಲಿ ಒಂದೂ ಬಿದ್ದಿಲ್ಲ. ಬಿದ್ದಿಲ್ಲವೆಂದರೆ ಶೂನ್ಯ ವರದಿ ಕೊಡಬೇಕು, ನಿಗದಿತ ನಮೂನೆಯಲ್ಲಿ, ಎರಡು ಪ್ರತಿ. ಹೋದ ವಾರ ಕಳಿಸಿದ್ದು ಕಚೇರಿಯಲ್ಲಿ ಸಿಗಲಿಲ್ಲವಂತೆ! ಸೊನ್ನೆಗಳನ್ನು ತುಂಬಿ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಮನ್ನು ಓದಿ ನೋಡಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಕೂಡದು. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ತಖ್ತೆ ಶಾಲೆಯದೇ ಕೆಲಸವಂತೆ! ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಹಾಲಿನ ಪುಡಿ ಉಳಿದದ್ದೆಷ್ಟು. ಕಂಪ್ಯೂಟರ್ ಬಂದರೆ ಕಾಗದ ತಗ್ಗೀತು ಎಂದುಕೊಂಡಿದ್ದೆವು. ಈಗ ಮೊಬೈಲಿಗೂ ತುಂಬಬೇಕು, ಕಡತಕ್ಕೂ ಸೇರಿಸಬೇಕು. ನಮ್ಮ ಶಾಲೆಗೆ ಗುಮಾಸ್ತರೇ ಇಲ್ಲ.

ಲೆಕ್ಕವೇ ಬೇಡ ಎನ್ನುತ್ತಿಲ್ಲ. ಮಕ್ಕಳ ಅನ್ನದ ಲೆಕ್ಕ ಇಡಲೇಬೇಕು. ಮನೆಯ ಖರ್ಚನ್ನು ನಾವೂ ಬರೆದಿಡುವುದಿಲ್ಲವೆ? ಹಾಗೆಂದು ಬರೆಯುತ್ತ ಕುಳಿತು ಒಲೆಯ ಮೇಲಿನ ಸಾರು ಸೀಯಲು ಬಿಡುತ್ತೇವೆಯೆ?

ತಪ್ಪು ನನ್ನದೂ ಇದೆ. ಇಷ್ಟು ವರ್ಷ "ಆಯ್ತು ಸಾರ್" ಎಂದೇ ಬಂದಿದ್ದೇನೆ. ವರದಿ ತಡವಾದರೆ ಕಾರಣ ಕೇಳಿ ನೋಟಿಸು ಬರುತ್ತದೆ, ಪಾಠ ತಪ್ಪಿದರೆ ಕೇಳುವವರಿಲ್ಲ. ಅಂದು ಒಬ್ಬ ಹುಡುಗಿ ಪಾಟಿಯ ಮೇಲೆ 'ಬೆಲ' ಎಂದು ಬರೆದುಕೊಂಡು ಮನೆಗೆ ಹೋದಳು. ಅವಳ ತಾಯಿ ನಾಲ್ಕು ಮನೆ ಮುಸುರೆ ತಿಕ್ಕುವವಳು, ಅಕ್ಷರ ಬಾರದವಳು. ತಿದ್ದುವವರು ಯಾರು?

ನಿಮ್ಮಲ್ಲಿ ಅನೇಕರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ನನ್ನ ಮಗನೂ ಹೋದವನೇ, ಮುಚ್ಚಿಡುವುದೇಕೆ? ಆದರೆ ನಿಮ್ಮ ಮನೆಗೆ ಕೆಲಸಕ್ಕೆ ಬರುವವಳ ಮಗಳು ಇರುವುದು ನಮ್ಮ ಶಾಲೆಯಲ್ಲಿ. ಈ ವಾರ ಎಷ್ಟು ಪಾಠ ನಡೆಯಿತೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಲು ಆ ತಾಯಿಗೆ ಹೇಳಿಕೊಡಿ. ಅವಳಿಗೆ ಅಳುಕಾದರೆ ಜೊತೆಗೆ ಒಮ್ಮೆ ಶಾಲೆಗೆ ಬನ್ನಿ. ಹೊರಗಿನವರು ಕೇಳಿದರೆ ಮೇಲಿನವರಿಗೆ ಹೇಳಲು ನಮಗೂ ಧೈರ್ಯ ಬಂದೀತು.

ಕೈತಪ್ಪಿದ ಪಾಠಗಳ ತಖ್ತೆಯನ್ನು ಮಾತ್ರ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ, ಅದು ಶೂನ್ಯ ವರದಿಯಾಗಿರುವುದಿಲ್ಲ.