ಕೊಕ್ಕೆ ಹೇಳುವ ಊರು

ಅನುವಾದಕ್ಕೆಂದು ಕಳವಾದ ನನ್ನ ಮೇಜಿಗೆ ಬಂದ ಹರಾಜಿನ ಪಟ್ಟಿಯಲ್ಲಿ ಒಳಬಾಗಿದ ಅಗಲ ಅಲಗಿನ ಹಳೆಯ ಕತ್ತಿಯೊಂದಿತ್ತು. ಒಕ್ಕಣೆ: ‘ಮಲಬಾರಿನ ಪೂಜೆಯ ಕತ್ತಿ’. ಚಿತ್ರದ ಮೂಲೆಯಲ್ಲಿ ಹಿತ್ತಾಳೆಯ ಕೊಕ್ಕೆ.

ನನ್ನ ಪ್ರಕಾರ ಊರು ಹೇಳುವುದು ಆ ಕೊಕ್ಕೆಯೇ. ಅದು ಕೊಡವರ ತೋಡಂಗ್; ಒರೆಯಿಲ್ಲದ ಒಡಿಕತ್ತಿಯನ್ನು ಸೊಂಟದ ಹಿಂಬದಿಯಲ್ಲಿ ಅದಕ್ಕೇ ಸಿಕ್ಕಿಸುತ್ತಾರೆ. ಇಂಥ ಅಲಗು ಮಲಬಾರಿನಲ್ಲೂ ಉಂಟು, ಹಾಗಾಗಿ ಅಲಗನ್ನಷ್ಟೇ ನೋಡಿದವರು ಎಡವುತ್ತಾರೆ. ಸಂಗ್ರಾಹಕರಿಗೆ ಎರಡೂ ‘ಆಯ್ದ ಕತ್ತಿ’. ಬರೀ ‘ಆಯುಧ’ವೆನ್ನುವ ಹೆಸರು ಊರು ಹೇಳೀತೇ?

ಪೂಜೆ ಸುಳ್ಳಲ್ಲ, ಕೈಲ್‌ಪೋಳ್ದಿನಲ್ಲಿ ಅದಕ್ಕೆ ತೋಕ್‌ಪೂ ಮುಡಿಸುತ್ತಾರೆ. ಆದರೆ ಅದು ಕಾಡು ಸವರಿದ, ಕಾದಾಡಿದ ಕತ್ತಿ.

‘ಮೂಲದಲ್ಲಿದ್ದಂತೆ ಬರೆಯಿರಿ’ ಎಂದರು ಕೆಲಸ ಕೊಟ್ಟವರು. ‘ಕೊಡಗಿನ ಒಡಿಕತ್ತಿ, ತೋಡಂಗ್ ಸಹಿತ’ ಎಂದೇ ಬರೆದು ಕಳಿಸಿದೆ. ದುಡ್ಡು ಇನ್ನೂ ಬಂದಿಲ್ಲ.