ಗೆಳತಿ ಹೇಳಿಕೊಂಡಾಗ ನಮ್ಮ ಮಕ್ಕಳು ಏನು ಕೇಳುತ್ತಾರೆ?

ಹನ್ನೆರಡನೇ ತರಗತಿ ಮುಗಿಯುತ್ತಲೇ ಗಲ್ಫ್ ಕನ್ನಡಿಗರ ಮನೆಗಳಲ್ಲಿ ಸೂಟ್‌ಕೇಸ್ ತುಂಬುವ ಕೆಲಸ ಶುರುವಾಗುತ್ತದೆ. ಮಂಗಳೂರು, ಮಣಿಪಾಲ, ಮೈಸೂರು, ಬೆಂಗಳೂರು ಎಂದು ಮಕ್ಕಳನ್ನು ಕಾಲೇಜಿಗೆ ಕಳಿಸುತ್ತೇವೆ. ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿಮಾತಿನ ಪಟ್ಟಿ ಉದ್ದ: ಕತ್ತಲಾಗುವ ಮೊದಲು ಹಾಸ್ಟೆಲ್ ಸೇರು, ಒಬ್ಬಳೇ ಆಟೋ ಹತ್ತಬೇಡ, ಎಲ್ಲಿಗೆ ಹೋದರೂ ಫೋನ್ ಮಾಡು. ಗಂಡುಮಕ್ಕಳಿಗೆ "ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದರೆ ಮುಗಿಯಿತು. ಸಹಪಾಠಿಯೊಬ್ಬಳು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಹೇಳಿಕೊಂಡರೆ ಏನು ಮಾಡಬೇಕು ಎಂಬುದನ್ನು ಮಗಳಿಗಾಗಲಿ ಮಗನಿಗಾಗಲಿ ಹೇಳಿಕೊಡುವ ರೂಢಿ ಮಾತ್ರ ನಮ್ಮಲ್ಲಿ ಇಲ್ಲ.

ಹಾಗಾಗಿ ಮಕ್ಕಳ ಬಾಯಲ್ಲಿ ಮೊದಲು ಬರುವುದು ಪ್ರಶ್ನೆಗಳೇ. ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ? ಜೊತೆಗಿದ್ದವನು ಯಾರು? ಆಗಲೇ ಏಕೆ ಕೂಗಿಕೊಳ್ಳಲಿಲ್ಲ? ಈ ಪ್ರಶ್ನೆಗಳು ಅವರ ಸ್ವಂತದ್ದಲ್ಲ, ದೊಡ್ಡವರಿಂದ ಕಲಿತದ್ದು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಅಂಥ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಎಂದು ಆಗಿನ ಗೃಹ ಸಚಿವರೇ ಹೇಳಿದರು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು ಎಂದು ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಮೇಲೆ ಮಾತೂ ಸುತ್ತೋಲೆಯೂ ಹಿಂದಕ್ಕೆ ಹೋದವು. ಅದಕ್ಕೂ ಹಿಂದಿನ ವರ್ಷ, ಅತ್ಯಾಚಾರದ ನಂತರ ದಣಿದು ನಿದ್ರಿಸಿದೆ ಎಂಬ ಮಹಿಳೆಯ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಸಾಲು ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ ಬಂದಿತ್ತು. ಆಮೇಲೆ ಅದನ್ನೂ ತೆಗೆದುಹಾಕಲಾಯಿತು. ಕಾಗದದಿಂದ ತೆಗೆದದ್ದು ಮನಸ್ಸಿನಿಂದ ಅಷ್ಟು ಬೇಗ ಹೋಗುವುದಿಲ್ಲ.

ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ನಮ್ಮಂಥವರಿಗೆ ಈ ಪ್ರಶ್ನೆಗಳ ಬೆಲೆ ಗಂಟೆಗಳ ಲೆಕ್ಕದಲ್ಲಿ ಕಾಣುತ್ತದೆ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು ಘಟನೆ ನಡೆದ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮಾತ್ರೆಗೂ ಸಾಮಾನ್ಯವಾಗಿ ಅಷ್ಟೇ ಅವಧಿ. ಎಷ್ಟು ಬೇಗ ನುಂಗಿದರೆ ಅಷ್ಟು ಪರಿಣಾಮಕಾರಿ. ಹೆಪಟೈಟಿಸ್ ಬಿ ಲಸಿಕೆಗೂ ತಡಮಾಡಬಾರದು. ಶುಕ್ರವಾರ ರಾತ್ರಿ ನಡೆದದ್ದನ್ನು ಹುಡುಗಿ ಶನಿವಾರ ರೂಮ್‌ಮೇಟ್‌ಗೆ ಹೇಳುತ್ತಾಳೆ ಎಂದುಕೊಳ್ಳಿ. "ನೀನ್ಯಾಕೆ ಹೋದೆ?" ಎಂಬ ಒಂದು ಮಾತಿಗೆ ಅವಳ ಬಾಯಿ ಕಟ್ಟಿಹೋಗುತ್ತದೆ. ಸೋಮವಾರ ರಾತ್ರಿಗೆ 72 ಗಂಟೆ ಕಳೆದಿರುತ್ತದೆ. ಕಪಾಟಿನಲ್ಲಿ ಔಷಧ ಇದ್ದೂ ಅವಳಿಗೆ ಸಿಗಲಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಮಾತುಕತೆಗಿಂತ ಮುಂದಿದೆ. ಸಂತ್ರಸ್ತೆಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು ಎಂದು 2013ರಿಂದಲೇ ಕಾನೂನಿದೆ. ಪೊಲೀಸ್ ದೂರು ಇಲ್ಲವೆಂದು ವಾಪಸು ಕಳಿಸುವಂತಿಲ್ಲ. ಅವಮಾನಕರವಾದ ಎರಡು ಬೆರಳಿನ ಪರೀಕ್ಷೆ ಮಾಡಬಾರದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಕಟ್ಟುನಿಟ್ಟಾಗಿ ಹೇಳಿತು. ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದವರಿಗೆ ಎರಡು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ "ಯಾರು ಗೊತ್ತಾಯ್ತಾ?" ಎಂದು ಫೋಟೋ ಹಾಕುವ ಹುಡುಗರಿಗೆ ಇದು ಗೊತ್ತಿರಬೇಕು.

"ಹುಷಾರಾಗಿರು ಎನ್ನುವುದೂ ತಪ್ಪೇ?" ಎಂದು ಕೆಲವರು ಕೇಳಬಹುದು. ತಪ್ಪಲ್ಲ. ಆದರೆ ಮೊದಲು ಹೇಳಿದರೆ ಅದು ಕಾಳಜಿ, ನಡೆದ ಮೇಲೆ ಹೇಳಿದರೆ ಆರೋಪ. "ಸುಳ್ಳು ದೂರುಗಳೂ ಇರುತ್ತವಲ್ಲ?" ಎನ್ನುವವರೂ ಇದ್ದಾರೆ. ನಿಜ ಯಾವುದು, ಸುಳ್ಳು ಯಾವುದು ಎಂದು ನೋಡಲು ಪೊಲೀಸರಿದ್ದಾರೆ, ನ್ಯಾಯಾಲಯವಿದೆ. ಹಾಸ್ಟೆಲ್ ಕೋಣೆಯಲ್ಲಿ ಎದುರು ಕೂತ ಗೆಳತಿಯನ್ನು ಪಾಟೀಸವಾಲು ಮಾಡುವ ಕೆಲಸ ಹತ್ತೊಂಬತ್ತರ ಮಕ್ಕಳದ್ದಲ್ಲ. ಅವಳನ್ನು ಆಸ್ಪತ್ರೆಗೆ ಕರೆದೊಯ್ದರೆ ಯಾರಿಗೂ ಶಿಕ್ಷೆಯಾಗುವುದಿಲ್ಲ, ಅವಳ ಜೀವಕ್ಕೆ ಒಳ್ಳೆಯದಾಗುತ್ತದೆ. ಇನ್ನು ಕೂಗದಿದ್ದುದರ ಮಾತು: ಭಯಕ್ಕೆ ಕೈಕಾಲು ಮರಗಟ್ಟಿ ದನಿಯೇ ಹೊರಡದಿರುವುದು ದೇಹದ ಸಹಜ ಪ್ರತಿಕ್ರಿಯೆ. ಅದು ಒಪ್ಪಿಗೆಯಲ್ಲ.

ಈ ರಜೆಯಲ್ಲಿ ಮಕ್ಕಳು ಮನೆಗೆ ಬಂದಾಗ, ಮಗಳನ್ನೂ ಮಗನನ್ನೂ ಒಟ್ಟಿಗೆ ಕೂರಿಸಿಕೊಂಡು ನಾಲ್ಕು ಮಾತು ಹೇಳೋಣ. ಯಾರಾದರೂ ಹೇಳಿಕೊಂಡರೆ ನಂಬಿಕೆಯಿಂದ ಕೇಳು. "ನಿನ್ನ ತಪ್ಪಲ್ಲ, ನಾನು ಜೊತೆಗೆ ಬರುತ್ತೇನೆ" ಎನ್ನು. ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಮುಂಚೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ಅದಾಗಲೇ ಆಗಿದ್ದರೂ ಹೋಗು. ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಸ್ನೇಹಿತರಿಗೆ ಹೇಳಬೇಡ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181, ಜಿಲ್ಲೆಗಳಲ್ಲಿ ಸಖಿ ಕೇಂದ್ರ, ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇವೆ ಎಂದು ಬರೆದುಕೊಡೋಣ.

ಇದರ ಜೊತೆಗೆ ನಾವು ಮಾಡಬೇಕಾದದ್ದು ಒಂದಿದೆ. ಟಿವಿಯಲ್ಲಿ ಇಂಥ ಸುದ್ದಿ ಬಂದಾಗ ಊಟದ ಮೇಜಿನ ಸುತ್ತ ನಾವು ಏನು ಮಾತಾಡುತ್ತೇವೆ ಎಂಬುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ನಾಳೆ ತಮಗೇ ಏನಾದರೂ ಆದರೆ ಅಪ್ಪ ಅಮ್ಮನಿಗೆ ಹೇಳಬಹುದೋ ಬೇಡವೋ ಎಂದು ಅವರು ತೀರ್ಮಾನಿಸುವುದು ಆ ಮಾತಿನ ಮೇಲೆಯೇ.